ಕಾಡಂಚಿನ ಮನೆಯಲ್ಲಿ ನಾಯಿಮರಿಯನ್ನು ಬೆಳೆಸಿದ ಬಗೆ

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಮುಂದೆ ಅಡಿಕೆ ತೋಟ, ಹಿತ್ತಿಲು ದಾಟಿದರೆ ಕಾಡು. ಇಂಥ ಕಡೆ ನಾಯಿಮರಿಯನ್ನು ಸಾಕುವವರು ಅದಕ್ಕೆ ಕೂರುವುದನ್ನೂ ಕೈ ಕೊಡುವುದನ್ನೂ ಕಲಿಸುವುದಕ್ಕೆ ಮೊದಲು, ಕರೆದ ಕೂಡಲೇ ಮಾಡುತ್ತಿದ್ದುದನ್ನೆಲ್ಲ ಬಿಟ್ಟು ಓಡಿ ಬರುವುದನ್ನು ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿರತೆ, ಕಾಡುಹಂದಿಗೆ ಒಡ್ಡಿದ ಉರುಳು, ತೋಟಕ್ಕೆ ಹಾಕಿದ ಔಷಧಿ, ರಸ್ತೆಯ ಲಾರಿ ಇವೆಲ್ಲವುಗಳ ನಡುವೆ ನಾಯಿಯ ಜೀವ ಉಳಿಯುವುದು ಆ ಒಂದು ಅಭ್ಯಾಸದಿಂದ. ನಮ್ಮ ಕೆಂಚನನ್ನು ಬೆಳೆಸುವಾಗ ಉಳಿದ ಎಲ್ಲವನ್ನೂ ನಾನು ಇದಕ್ಕೆ ಹೊಂದಿಸಿಕೊಂಡೆ.

ಕೆಂಚ ಊರಿನದೇ ನಾಟಿ ನಾಯಿಯ ಮರಿ. ಹಾಲು ಬಿಟ್ಟ ತಕ್ಷಣ ಕೊಂಡೊಯ್ಯಿರಿ ಎಂದು ಆ ಮನೆಯವರು ಹೇಳಿದರೂ ಎಂಟು ವಾರ ತುಂಬುವವರೆಗೆ ತಾಯಿಯ ಬಳಿಯೇ ಬಿಡಬೇಕೆಂದು ಕೇಳಿಕೊಂಡೆ. ಕಚ್ಚುವಾಗ ಎಷ್ಟು ಬಲ ಹಾಕಬಹುದು ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆ ಆಡುವಾಗ. ಬೇಗ ಬೇರ್ಪಟ್ಟ ಮರಿಗೆ ಆ ಪಾಠ ತಪ್ಪುತ್ತದೆ, ಅದರ ಫಲ ಮನೆಯ ಮಕ್ಕಳ ಕೈಮೇಲೆ ಕಾಣುತ್ತದೆ. ನಮ್ಮ ಮನೆಗೆ ಬಂದ ಮೇಲೂ ಹಲ್ಲು ಬಲವಾಗಿ ತಾಗಿದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗುತ್ತಿದ್ದೆವು. ನಾಲ್ಕರಿಂದ ಆರು ತಿಂಗಳ ನಡುವೆ 28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಬರುವ ಕಾಲದಲ್ಲಿ ಗಂಟು ಹಾಕಿದ ಗೋಣಿತಾಟನ್ನು ಕಡಿಯಲು ಕೊಟ್ಟದ್ದರಿಂದ ಚಪ್ಪಲಿಗಳು ಉಳಿದವು.

ಮರಿ ಬಂದದ್ದು ಆರಿದ್ರಾ ಮಳೆಯ ಹೊತ್ತಿಗೆ. ಬಿಡದೆ ಸುರಿಯುವ ಮಳೆಯಲ್ಲಿ ಮರಿಯನ್ನು ಅಂಗಳಕ್ಕೆ ಕರೆದುಕೊಂಡು ಹೋದರೆ ಅದು ನಡುಗುತ್ತಾ ನಿಲ್ಲುತ್ತದೆಯೇ ಹೊರತು ಮೂತ್ರ ಮಾಡುವುದಿಲ್ಲ, ಒಳಗೆ ಬಂದ ಮೇಲೆ ಜಗಲಿಯಲ್ಲಿ ಮಾಡುತ್ತದೆ. ಆದ್ದರಿಂದ ಕೊಟ್ಟಿಗೆಯ ಮಾಡಿನ ಕೆಳಗೆ, ಇರಚಲು ತಾಗದ ಮೂಲೆಯಲ್ಲಿ ದರಗು, ಅಂದರೆ ಒಣಗಿದ ಎಲೆ ಹರಡಿ ಅದನ್ನೇ ಮರಿಯ ಜಾಗವೆಂದು ಗೊತ್ತುಮಾಡಿದೆ. ನಿದ್ದೆಯಿಂದ ಎದ್ದಾಗ, ಊಟವಾದ ಮೇಲೆ, ಆಟ ಮುಗಿದಾಗ ತಪ್ಪದೆ ಅಲ್ಲಿಗೆ ಎತ್ತಿಕೊಂಡು ಹೋಗಿ, ಕೆಲಸ ಮುಗಿದ ಕ್ಷಣದಲ್ಲೇ ಬೆನ್ನು ಸವರಿ ಮೆಚ್ಚುಗೆ ಹೇಳುತ್ತಿದ್ದೆ. ದರಗನ್ನು ಬದಲಿಸುವಾಗ ಹಳೆಯದರ ಒಂದು ಹಿಡಿಯನ್ನು ಅಲ್ಲೇ ಬಿಟ್ಟರೆ ವಾಸನೆಯ ಗುರುತಿನಿಂದ ಮರಿ ತಾನಾಗಿಯೇ ಆ ಮೂಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಒಳಗೆ ಗಲೀಜಾದರೆ ಮೂತಿಯನ್ನು ಅದಕ್ಕೆ ಒತ್ತಿ ಹೊಡೆಯುವ ಪದ್ಧತಿ ನಮ್ಮ ಕಡೆ ಈಗಲೂ ಇದೆ. ಅದರಿಂದ ಮರಿ ಕಲಿಯುವುದು ಮನುಷ್ಯರ ಕಣ್ಣು ತಪ್ಪಿಸಿ ಮಾಡುವುದನ್ನು ಮಾತ್ರ.

ಆಹಾರದ ವಿಷಯ ಸರಳ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ನಾಲ್ಕು ತಿಂಗಳಾದ ಮೇಲೆ ಮೂರು ಸಲ, ಆರು ತಿಂಗಳ ನಂತರ ಎರಡು ಸಲ ಹಾಕಿದೆ. ಬರೀ ಅನ್ನ ಹಾಲಿನಲ್ಲಿ ಬೆಳೆಯುವ ಮರಿಗೆ ಸಾಕಷ್ಟು ಪ್ರೋಟೀನ್ ಸಿಗುವುದಿಲ್ಲ, ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಹಾಗಾಗಿ ಮರಿಗಳಿಗೆಂದೇ ಮಾರುವ ಆಹಾರದ ಜೊತೆಗೆ ಬೇಯಿಸಿದ ಮೊಟ್ಟೆಯನ್ನೂ ಮೂಳೆ ತೆಗೆದ ಕೋಳಿಯನ್ನೂ ಕೊಟ್ಟೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಮತ್ತು ಬೇಯಿಸಿದ ಮೂಳೆ ಅದರ ತಟ್ಟೆಗೆ ಬೀಳಲಿಲ್ಲ.

ತೋಟದ ಮನೆಯವರು ಹೆಚ್ಚು ಎಚ್ಚರ ವಹಿಸಬೇಕಾದದ್ದು ತಟ್ಟೆಯ ಹೊರಗೆ ಸಿಗುವ ವಸ್ತುಗಳ ಬಗ್ಗೆ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ಔಷಧಿ ಕದಡಿದ ಡ್ರಮ್ಮಿನ ಸುತ್ತ ನಿಂತ ನೀರನ್ನು ಮರಿ ನೆಕ್ಕಬಾರದು. ಬಸವನಹುಳು ಕೊಲ್ಲಲು ಹಾಕುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ನಾಯಿಗಳು ರುಚಿಯಿಂದ ತಿನ್ನುತ್ತವೆ, ತಿಂದರೆ ನಡುಕ ಮತ್ತು ಫಿಟ್ಸ್ ಬರುತ್ತವೆ. ಅಡಿಕೆಯನ್ನೇ ಜಗಿದರೂ ಅಪಾಯವಿದೆ. ಅದರಲ್ಲಿರುವ ಅರೆಕೊಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಔಷಧಿಯಾಗಿ ಬಳಸುತ್ತಿದ್ದರು. ಅಳತೆ ಮೀರಿದರೆ ಜೊಲ್ಲು, ವಾಂತಿ, ಭೇದಿ ತಪ್ಪಿದ್ದಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಚಪ್ಪರದ ಕೆಳಗೆ ಕೆಂಚನನ್ನು ಬಿಡದಿರಲು ಇದೇ ಕಾರಣ.

ಲಸಿಕೆಗಳಲ್ಲಿ ರಾಜಿ ಬೇಡ. ಆರರಿಂದ ಎಂಟು ವಾರದೊಳಗೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ ಹಾಕಿಸಬೇಕಾಗುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಪೂರ್ತಿ ಕೆಲಸ ಮಾಡದಿರಬಹುದು, ಆ ಅಂಶ ಯಾವಾಗ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಸಾಲಾಗಿ ಹಾಕಿಸುವುದು ಅದಕ್ಕೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಆಗಲೇಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ ನಾಯಿಗೂ ಮನುಷ್ಯರಿಗೂ ಬರುವುದರಿಂದ, ಅದಕ್ಕೆ ರಕ್ಷಣೆ ಕೊಡುವ ಲಸಿಕೆಯನ್ನು ಮಲೆನಾಡಿನವರು ಕೇಳಿ ಹಾಕಿಸಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮಲ್ಲಿ ಔಷಧಿಯನ್ನು ತಂದು ಮನೆಯ ಫ್ರಿಜ್ಜಿನಲ್ಲಿ ಇಡುವ ಬದಲು ಮರಿಯನ್ನೇ ಪಶು ಆಸ್ಪತ್ರೆಗೆ ಕರೆದೊಯ್ಯುವುದು ಒಳ್ಳೆಯದು.

ಲಸಿಕೆ ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಬಿಡಬಾರದು, ಏಕೆಂದರೆ ಮರಿಗಳಿಗೆ ಮಾರಕ ಭೇದಿ ತರುವ ಪಾರ್ವೋ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದರೆ ಲೋಕವನ್ನು ಹೆದರಿಕೆಯಿಲ್ಲದೆ ಒಪ್ಪಿಕೊಳ್ಳುವ ವಯಸ್ಸೂ ಅದೇ, ಹದಿನಾಲ್ಕು ವಾರ ದಾಟಿದರೆ ಆ ಬಾಗಿಲು ಬಹುಪಾಲು ಮುಚ್ಚುತ್ತದೆ. ಈ ಎರಡರ ನಡುವೆ ನಾನು ಕಂಡುಕೊಂಡ ದಾರಿ ಮರಿಯನ್ನು ತೋಳಿನಲ್ಲಿ ಎತ್ತಿಕೊಂಡು ತಿರುಗುವುದು. ಕೊಟ್ಟಿಗೆಯ ದನಗಳು, ಕೊಡೆ ಹಿಡಿದು ಬರುವ ಅಂಚೆಯವರು, ಕಳೆ ಕೊಚ್ಚುವ ಯಂತ್ರದ ಸದ್ದು, ಮಂಗ ಓಡಿಸಲು ಹೊಡೆಯುವ ಪಟಾಕಿ ಎಲ್ಲವನ್ನೂ ದೂರದಿಂದ ತೋರಿಸಿ, ಕೇಳಿಸಿ, ಪ್ರತಿಸಲವೂ ಬಾಯಿಗೆ ಒಂದು ತುಣುಕು ಮೊಟ್ಟೆ ಇಡುತ್ತಿದ್ದೆ. ದೀಪಾವಳಿಯ ರಾತ್ರಿ ಕೆಂಚ ಮಂಚದ ಕೆಳಗೆ ಹೋಗದೆ ಮಲಗಿದ್ದಕ್ಕೆ ಇದೇ ಕಾರಣವೆಂದು ನಂಬಿದ್ದೇನೆ.

ಇನ್ನು ಕರೆಯುವ ಪಾಠ. ಮನೆಯವರೆಲ್ಲರೂ ಬಳಸಬೇಕಾದ ಮಾತು ಒಂದೇ ಆಗಿರಬೇಕೆಂದು ಮೊದಲ ದಿನವೇ ನಿಶ್ಚಯಿಸಿದೆವು: "ಕೆಂಚಾ, ಬಾ." ಅಪ್ಪಯ್ಯನಿಗೆ ದನ ಕರೆಯುವ ರಾಗದಲ್ಲಿ ಕೂಗುವ ರೂಢಿ ಇತ್ತು. "ಅಪ್ಪಯ್ಯಾ, ನೀವೂ ಇದೇ ಮಾತಿನಲ್ಲಿ ಕರೀರಿ" ಎಂದು ಕೇಳಿಕೊಂಡಾಗ ಅವರು ಒಪ್ಪಿ, ಕೊನೆಗೆ ನಮ್ಮೆಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದರು. ಮೊದಲು ಅಡುಗೆಮನೆಯಿಂದ ಜಗಲಿಗೆ, ಆಮೇಲೆ ಅಂಗಳದಲ್ಲಿ, ನಂತರ ಉದ್ದ ಹಗ್ಗ ಕಟ್ಟಿ ತೋಟದ ದಾರಿಯಲ್ಲಿ ಕರೆಯುತ್ತಾ ಹೋದೆವು. ಬಂದಾಗಲೆಲ್ಲ ಮೊಟ್ಟೆಯ ತುಣುಕೋ ಕೊಬ್ಬರಿಯ ಚೂರೋ ಸಿಗುತ್ತಿತ್ತು. ಬೈಯುವುದಕ್ಕೆ, ಸ್ನಾನ ಮಾಡಿಸುವುದಕ್ಕೆ, ಕಟ್ಟಿಹಾಕುವುದಕ್ಕೆ ಆ ಮಾತಿನಿಂದ ಯಾರೂ ಕರೆಯಲಿಲ್ಲ. ಅಂಥ ಕೆಲಸವಿದ್ದರೆ ನಾವೇ ಅದರ ಬಳಿಗೆ ಹೋದೆವು. ಬಂದ ಮರಿಗೆ ತಿಂಡಿ ಕೊಟ್ಟು ಬಹುಪಾಲು ಸಲ ಮತ್ತೆ ಆಡಲು ಬಿಡುತ್ತಿದ್ದೆವು, ಏಕೆಂದರೆ ಕರೆ ಬಂದರೆ ಆಟ ಮುಗಿಯಿತು ಎಂದು ಅದಕ್ಕೆ ಅನ್ನಿಸಬಾರದು.

ಹೊರಗಿನಿಂದ ಬಂದ ಮೇಲೆ ಮೈ ನೋಡುವುದನ್ನೂ ಇದೇ ಪಾಠಕ್ಕೆ ಸೇರಿಸಿದೆ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಉಂಬಳ ಎಂಬ ಜಿಗಣೆ, ಮಳೆ ನಿಂತ ಮೇಲೆ ಕಿವಿಯ ಒಳಗೆ, ಕುತ್ತಿಗೆಯ ಪಟ್ಟಿಯ ಕೆಳಗೆ ಉಣುಗು, ಅಂದರೆ ಉಣ್ಣೆ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಅದು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಉಣುಗು ನಾಯಿಯ ಮೈಯೇರಿ ಮನೆಯೊಳಗೆ ಬರಬಹುದು ಎಂಬ ಎಚ್ಚರ ನಮಗೆ ಇರಲೇಬೇಕು. ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆದು ಸೋಪಿನ ನೀರಿಗೆ ಹಾಕಬೇಕು, ಉಗುರಿನಲ್ಲಿ ಒರೆಯಬಾರದು, ಸೀಮೆಎಣ್ಣೆ ಹಚ್ಚಬಾರದು. ಉಣುಗು ತಡೆಯುವ ಮಾತ್ರೆಯನ್ನು ಮರಿಯ ತೂಕ ನೋಡಿ ವೈದ್ಯರೇ ಬರೆದುಕೊಡುತ್ತಾರೆ.

ಸಂಜೆಯ ಊಟವನ್ನು ಮೊದಲಿನಿಂದಲೂ ದೀಪ ಹಚ್ಚುವ ಹೊತ್ತಿಗೆ, ಬಾಗಿಲೊಳಗೆ ಕೊಡುತ್ತಾ ಬಂದೆ. ಚಿರತೆ ನಾಯಿಗಾಗಿ ಅಂಗಳದವರೆಗೆ ಬರುವುದು ಕತ್ತಲಾದ ಮೇಲೆ. ಆ ಹೊತ್ತಿಗೆ ಹೊಟ್ಟೆಯ ಅಭ್ಯಾಸವೂ ನಮ್ಮ ಕರೆಯೂ ಸೇರಿ ಕೆಂಚನನ್ನು ಒಳಗೆ ತರುತ್ತವೆ. ಮನೆ ಕಾಯಲೆಂದು ನಾಯಿಯನ್ನು ರಾತ್ರಿ ಅಂಗಳದ ಕಂಬಕ್ಕೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಸರಪಳಿಯಲ್ಲಿರುವ ನಾಯಿಗೆ ಓಡಲೂ ಆಗದು. ಸರಳು ಹಾಕಿದ ಜಗಲಿಯಲ್ಲಿ ಮಲಗಿಯೇ ಕೆಂಚ ದಣಪೆಯ ಬಳಿಯ ಸದ್ದಿಗೆ ಬೊಗಳುತ್ತಾನೆ, ಮನೆ ಕಾಯುವುದಕ್ಕೆ ಅಷ್ಟು ಸಾಕು.