ರೈಲು ಮಾಡೆಲ್‌ಗೆ ಹಣಿಗೆ, ಕಟಿಂಗ್ ರೂಲ್, ಗಡಿಯಾರದ ಚಕ್ರ: ನನ್ನ ಅನುಭವ

ಒಂದು ಮೀಟರ್ ಮಾಡೆಲ್ ಹಳಿ ಹಾಕಲು 144 ಸ್ಲೀಪರ್ (ಹಳಿಯ ಕೆಳಗೆ ಅಡ್ಡ ಹಾಕುವ ಪಟ್ಟಿ) ಬೇಕು. ನಮ್ಮ ಬ್ರಾಡ್‌ಗೇಜ್ ದಾರಿಯಲ್ಲಿ ಸಾಮಾನ್ಯವಾಗಿ ಕಿಲೋಮೀಟರಿಗೆ 1660 ಸ್ಲೀಪರ್ ಇರುತ್ತವೆ. ನಾನು ಮಾಡುವುದು ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ 87ನೇ ಒಂದು ಪಾಲು. ಮೇಜಿನ ಮೇಲಿನ ಒಂದು ಮೀಟರ್ ನಿಜದಲ್ಲಿ 87 ಮೀಟರ್ ಆಯಿತು. 2.75 ಮೀಟರ್ ಉದ್ದದ ಸ್ಲೀಪರ್ ಇಲ್ಲಿ 31.6 ಮಿಲಿಮೀಟರ್.

ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ತಂದು ಜೋಡಿಸಬಹುದಲ್ಲ ಅಂತ ಕೇಳುತ್ತಾರೆ. ಅದರ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಗಲ, 16.5 ಮಿಮೀ. ಅದು 1435 ಮಿಮೀ ಸ್ಟ್ಯಾಂಡರ್ಡ್ ಗೇಜ್‌ಗೆ ಸರಿ. ನಮ್ಮದು 1676. ಇದೇ ಅಳತೆಯಲ್ಲಿ 19.26 ಮಿಮೀ ಬರುತ್ತದೆ. ಆ ಹಳಿಯ ಮೇಲೆ ನಮ್ಮ ಬೋಗಿ ನಿಲ್ಲಿಸಿದರೆ ಕಾಲು ಜೋಡಿಸಿ ನಿಂತವರ ಹಾಗೆ ಕಾಣುತ್ತದೆ. ಹಾಗಾಗಿ ಹಳಿಯನ್ನೂ ಮನೆಯಲ್ಲೇ ಮಾಡಬೇಕು. ಸ್ಕೇಲ್ ಇಟ್ಟು, ಗುರುತು ಹಾಕಿ, ಒಂದೊಂದೇ ಸ್ಲೀಪರ್ ಕತ್ತರಿಸುತ್ತ ಕೂತರೆ ಹತ್ತನೆಯದಕ್ಕೂ ಐವತ್ತನೆಯದಕ್ಕೂ ಅರ್ಧ ಮಿಮೀ ವ್ಯತ್ಯಾಸ ಬಂದೇ ಬರುತ್ತದೆ.

ಅದಕ್ಕೆ ನನ್ನ ಲೆಕ್ಕ ಇಷ್ಟೇ. ಒಂದೇ ತರದ ತುಂಡು ರಾಶಿ ಬೇಕಿದ್ದರೆ ಮೊದಲು ಹತಾರ ಮಾಡು, ಆಮೇಲೆ ತುಂಡು ಮಾಡು. ಒಂದೇ ಒಂದು ತುಂಡು ಸಾಕಿದ್ದರೆ ಕೈಯಲ್ಲೇ ಕೊಯ್ದು ಮುಗಿಸು. ಚಂದ ಕಾಣುತ್ತದೆ ಅಂತ ಹತಾರ ಮಾಡುತ್ತ ಹೋದರೆ ಮೇಜು ತುಂಬುತ್ತದೆ, ರೈಲು ಮಾತ್ರ ಆಗುವುದಿಲ್ಲ.

ನಾನಿರುವುದು ಗದಗಿನಲ್ಲಿ. ಪ್ರಿಂಟಿಂಗ್ ಪ್ರೆಸ್‌ಗಳ ಊರು. ಪಕ್ಕದ ಬೆಟಗೇರಿ ನೇಕಾರರ ಊರು. ಈ ಎರಡು ಕಸುಬಿನವರು ಬಿಸಾಡುವ ಸಾಮಾನಿನಲ್ಲೇ ನನ್ನ ಅರ್ಧ ಹತಾರ ಆಗಿವೆ.

ಮೊದಲು ಮಾಡಿದ್ದು ಸ್ಲೀಪರ್ ಕತ್ತರಿಸುವ ಯಂತ್ರ. ಯಂತ್ರ ಅನ್ನುವುದು ಜಾಸ್ತಿ ಆಯಿತು. ಒಂದು ಪ್ಲೈವುಡ್ ತುಂಡು, ಮೇಲೆ ಒಂದು ಹಿಡಿಕೆ, ಹಿಡಿಕೆಗೆ ಬ್ಲೇಡ್. ವಿಚಾರ ಹೊಳೆದದ್ದು ಪ್ರೆಸ್ಸಿನ ಕಟಿಂಗ್ ಮಷಿನ್ ನೋಡಿ. ಕಾಗದದ ಕಟ್ಟು ಹಿಂದಿನ ಗೇಜ್‌ಗೆ, ಅಂದರೆ ಅಳತೆಗೆ ನಿಲ್ಲಿಸಿದ ತಡೆಗೆ, ತಾಗುವವರೆಗೆ ತಳ್ಳುತ್ತಾರೆ, ಮೇಲಿನಿಂದ ಬ್ಲೇಡ್ ಇಳಿಯುತ್ತದೆ, ಎಲ್ಲ ಹಾಳೆಯೂ ಒಂದೇ ಅಳತೆ. ಅಲ್ಲಿ ಕಟಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ. ನಾನು ಬ್ಲೇಡನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು, "ತಮ್ಮಾ, ಬ್ಲೇಡ್ ಏನ್ ನೋಡ್ತೀ, ಗೇಜ್ ನೋಡು. ಅದು ಅಳ್ಳಾಡಿದ್ರ ಎಲ್ಲಾ ಹೋತು" ಅಂದರು. ಬ್ಲೇಡಿನ ಬಗ್ಗೆಯೂ ಒಂದು ಮಾತು ಅವರಿಂದಲೇ ಗೊತ್ತಾಯಿತು. ಅದಕ್ಕೆ ಒಂದೇ ಕಡೆ ಇಳಿಜಾರು ಇರುತ್ತದೆ. ಸಪಾಟ ಮುಖ ಗೇಜಿನ ಕಡೆ, ಇಳಿಜಾರು ಬಿಸಾಡುವ ಕಡೆ. ಹಾಗಾಗಿಯೇ ಬೇಕಾದ ಕಾಗದದ ಅಂಚು ನೆಟ್ಟಗೆ ಬರುತ್ತದೆ.

ನನ್ನದರಲ್ಲಿ 18 ಮಿಮೀ ಅಗಲದ ಪೇಪರ್ ಕಟರ್ ಬ್ಲೇಡ್ ಇದೆ. ಇದು ಅರ್ಧ ಮಿಮೀ ದಪ್ಪ, ಬಾಗುವುದಿಲ್ಲ. ಗಡ್ಡದ ಬ್ಲೇಡ್ ಬೇಡ, ಅದು ತುಂಬ ತೆಳು, ಒತ್ತಿದ ಕೂಡಲೇ ಪಕ್ಕಕ್ಕೆ ವಾಲುತ್ತದೆ. ಕಟರ್ ಬ್ಲೇಡಿಗೆ ಎರಡೂ ಕಡೆ ಇಳಿಜಾರು ಇರುತ್ತದೆ. ಗೇಜ್ ಕಡೆಯದನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಸಪಾಟ ಮಾಡಿಕೊಂಡೆ. ಹಿಡಿಕೆ ತಿರುಗುವ ಜಾಗಕ್ಕೆ ಬಾಗಿಲಿನ ಹಿಂಜ್ ಹಾಕಲಿಲ್ಲ. ಎಷ್ಟೇ ಹೊಸದಿದ್ದರೂ ಅದು ಅಡ್ಡಡ್ಡ ಸ್ವಲ್ಪ ಅಲುಗುತ್ತದೆ. ಬದಲಿಗೆ 6 ಮಿಮೀ ಬೋಲ್ಟ್, ಎರಡೂ ಕಡೆ ವಾಷರ್, ಕೊನೆಗೆ ಲಾಕ್ ನಟ್. ಹಿಡಿಕೆ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬಾರದು, ಒತ್ತಿದರೆ ಮಾತ್ರ ಇಳಿಯಬೇಕು, ಅಷ್ಟು ಬಿಗಿ. ಬೆರಳಿಗೂ ಅದೇ ಕ್ಷೇಮ. ಗೇಜ್ ಅಂದರೆ ಅಲ್ಯುಮಿನಿಯಂ ಆಂಗಲ್ ತುಂಡು. ಉದ್ದ ತೂತಿನಲ್ಲಿ ಹಿಂದೆ ಮುಂದೆ ಸರಿಯುತ್ತದೆ, ಎರಡು ವಿಂಗ್ ನಟ್ ಬಿಗಿದರೆ ನಿಲ್ಲುತ್ತದೆ. ಒಂದೇ ನಟ್ ಸಾಲದು, ಆಂಗಲ್ ತಿರುಗಿಬಿಡುತ್ತದೆ.

ಬ್ಲೇಡ್ ಕೆಳಗೆ ಏನಿಡುವುದು? ಇದಕ್ಕೂ ಪ್ರೆಸ್ಸಿನಲ್ಲೇ ಉತ್ತರ ಇತ್ತು. ಮಷಿನ್ನಿನಲ್ಲಿ ಬ್ಲೇಡ್ ಬಂದು ಕೂರುವಲ್ಲಿ ಚೌಕಾಕಾರದ ಪ್ಲಾಸ್ಟಿಕ್ ಕೋಲು ಇರುತ್ತದೆ, ಕಟಿಂಗ್ ಸ್ಟಿಕ್ ಅಂತಾರೆ. ಒಂದು ಮುಖ ಸವೆದರೆ ತಿರುಗಿಸಿ ಇನ್ನೊಂದು ಮುಖ. ನಾಲ್ಕೂ ಮುಗಿದ ಮೇಲೆ ಎಸೆಯುತ್ತಾರೆ. ಅಂಥದ್ದೊಂದರಲ್ಲಿ ಸವೆಯದೆ ಉಳಿದ ತುದಿ ಕೊಯ್ದುಕೊಂಡು ಬಂದೆ. ನನ್ನ ಕೆಲಸಕ್ಕೆ ಅದು ಧಾರಾಳ. ಈಗ 144 ಸ್ಲೀಪರ್ ಒಂದು ಚಹಾ ಆರುವಷ್ಟರಲ್ಲಿ ಆಗುತ್ತವೆ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ಇದೇ ಅಳತೆಯಲ್ಲಿ ಮಾಡಬೇಕು ಅಂತ ಗೆಳೆಯರು ಕಾಡುತ್ತಾರೆ. ಲೆಕ್ಕ ಹಾಕಿದೆ, 17.3 ಮೀಟರ್ ಆಗುತ್ತದೆ. ನಮ್ಮ ಮನೆ ಅಷ್ಟು ಉದ್ದ ಇಲ್ಲ.

ಸ್ಲೀಪರ್ ಆದ ಮೇಲೆ ಕಿಟಕಿ. ಹಳೆಯ ನೀಲಿ ಐಸಿಎಫ್ (ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಸ್ಲೀಪರ್ ಬೋಗಿಯಲ್ಲಿ 72 ಬರ್ತ್. ಎಂಟರಂತೆ 9 ಭಾಗ, ಪ್ರತಿ ಭಾಗಕ್ಕೆ ಆ ಕಡೆ ಎರಡು, ಈ ಕಡೆ ಎರಡು ಕಿಟಕಿ. 36 ಆಯಿತು, ಟಾಯ್ಲೆಟ್ಟಿನವು ಬೇರೆ. ನನ್ನ ಮಾಡೆಲ್ ಬೋಗಿ 24.5 ಸೆಂಟಿಮೀಟರ್ ಉದ್ದ. ನನ್ನ ಡ್ರಾಯಿಂಗಿನಲ್ಲಿ ಕಿಟಕಿ 7 ಮಿಮೀ ಅಗಲ, 6.5 ಮಿಮೀ ಎತ್ತರ. ಚಾಕುವಿನಿಂದ ಕೊಯ್ದರೆ ಮೂಲೆಯಲ್ಲಿ ಗೆರೆ ಒಂಚೂರು ಮುಂದೆ ಹೋಗುತ್ತದೆ. ಬಣ್ಣ ಹೊಡೆದ ಮೇಲೆ ಅದು ಎದ್ದು ಕಾಣುತ್ತದೆ.

ಇದಕ್ಕೆ ಕೈ ಹಿಡಿದದ್ದು ಕಟಿಂಗ್ ರೂಲ್. ಮದುವೆ ಕಾರ್ಡ್, ಡಬ್ಬಿಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಲು ಡೈ ಮಾಡುತ್ತಾರಲ್ಲ, ಪ್ಲೈವುಡ್ಡಿನಲ್ಲಿ ಸಿಕ್ಕಿಸಿದ ಚೂಪಾದ ಉಕ್ಕಿನ ಪಟ್ಟಿ, ಅದೇ. ಸಾಮಾನ್ಯವಾಗಿ 0.71 ಮಿಮೀ ದಪ್ಪ, 23.8 ಮಿಮೀ ಎತ್ತರ. ಡೈ ಮಾಡುವವರ ಹತ್ತಿರ ಚಿಕ್ಕ ಚಿಕ್ಕ ತುಂಡು ಉಳಿದಿರುತ್ತವೆ, ಅವರಿಗೆ ಉಪಯೋಗಕ್ಕೆ ಬಾರದವು. ಅವುಗಳಲ್ಲಿ ಒಂದನ್ನು 7 ಮಿಮೀಗೆ, ಒಂದನ್ನು 6.5ಕ್ಕೆ ಗ್ರೈಂಡರ್‌ನಲ್ಲಿ ತಂದು ಬಿದಿರಿನ ಹಿಡಿಕೆಗೆ ಸಿಕ್ಕಿಸಿ ಅಂಟು ಹಾಕಿದೆ. ಪುಟ್ಟ ಉಳಿ ಆಯಿತು. ಗ್ರೈಂಡರ್‌ನಲ್ಲಿ ಹಿಡಿದಾಗ ಪದೇಪದೇ ನೀರಿಗೆ ಅದ್ದಬೇಕು, ಇಲ್ಲವಾದರೆ ಅಂಚು ನೀಲಿಗಟ್ಟಿ ಮೆದುವಾಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಉಳಿಯನ್ನು ಗುರುತಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಒತ್ತುವುದು. ಮೇಲೆ, ಕೆಳಗೆ ಅಗಲದ ಉಳಿ, ಎಡ ಬಲಕ್ಕೆ ಎತ್ತರದ ಉಳಿ. ನಾಲ್ಕು ಒತ್ತಿಗೆ ತುಂಡು ಕಳಚಿ ಬೀಳುತ್ತದೆ. ಉಳಿಯ ಅಗಲವೇ ಕಿಟಕಿಯ ಅಗಲ ಆದ್ದರಿಂದ ಮೂಲೆ ದಾಟಿ ಹೋಗಲು ಬರುವುದೇ ಇಲ್ಲ. ಬೋಗಿಯ ಬದಿಗೆ ಬಳಸುವ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಆರ್ಟ್ ಕಾರ್ಡಿಗೆ ಇದು ಸರಿಯಾದ ಹತಾರ. ದಪ್ಪ ಪ್ಲಾಸ್ಟಿಕ್ ಹಾಳೆಗೆ ಬೇಡ, ಅಂಚು ಉಬ್ಬುತ್ತದೆ.

ಇನ್ನು ಕಿಟಕಿಯ ಸರಳು. ಇಡೀ ಕೋಣೆಯಲ್ಲಿ ನನಗೆ ಬಹಳ ಇಷ್ಟದ ಹತಾರ ಇದೇ.

ಮಗ್ಗದಲ್ಲಿ ಹಾಸಿನ (ಉದ್ದಕ್ಕೆ ಓಡುವ) ಎಳೆಗಳನ್ನು ಸಮ ಅಂತರದಲ್ಲಿ ಹಿಡಿಯುವುದು ಹಣಿಗೆ. ಉಕ್ಕಿನ ತೆಳು ಹಲ್ಲುಗಳು ಒಂದರ ಪಕ್ಕ ಒಂದು. ಬೆಟಗೇರಿಯಲ್ಲಿ ಪರಿಚಯದ ನೇಕಾರರೊಬ್ಬರ ಮನೆಯಲ್ಲಿ ಒಂದು ಕಡೆ ಜಖಂ ಆದ ಹಣಿಗೆ ಮೂಲೆಯಲ್ಲಿತ್ತು. ಕೇಳಿದೆ. "ಹಾಳಾದ ಹಣಿಗಿ ತಗೊಂಡು ಏನ್ ಮಾಡ್ತಿಯೋ, ಸೀರಿ ನೇಯಾಂವ ಏನು?" ಅಂದರು. "ಇಲ್ರೀ ಕಾಕಾ, ರೈಲಿನ ಕಿಟಕಿಗೆ ಬೇಕ್ರಿ" ಅಂದೆ. ನಕ್ಕು ಕೊಟ್ಟರು. 

ಅದರಲ್ಲಿ ಇಂಚಿಗೆ 36 ಹಲ್ಲು. ಒಂದು ಸಂದು ಬಿಟ್ಟು ಒಂದು ಸಂದಿನಲ್ಲಿ ತಂತಿ ಹಾಕಿದರೆ 1.41 ಮಿಮೀ ಅಂತರ. ನನ್ನ ಕಿಟಕಿಗೆ ನಾಲ್ಕು ಸರಳು ಲೆಕ್ಕಕ್ಕೆ ಸರಿಯಾಗಿ ಬಂತು. ಹಣಿಗೆ ಕತ್ತರಿಸುವ ಮೊದಲು ಕೊಯ್ಯುವ ಜಾಗದ ಎರಡೂ ಕಡೆ ದಾರದಿಂದ ಬಿಗಿದು ಅಂಟು ಹಾಕಬೇಕು, ಇಲ್ಲದಿದ್ದರೆ ಹಲ್ಲು ಬಿಚ್ಚಿಕೊಂಡು ಹೋಗುತ್ತವೆ. ಹೀಗೆ ಎರಡು ತುಂಡು ಮಾಡಿ, ಒಂದು ಹಲಗೆಯ ಮೇಲೆ 27 ಸೆಂಟಿಮೀಟರ್ ದೂರದಲ್ಲಿ ಎದುರುಬದುರು ನಿಲ್ಲಿಸಿದೆ. ಹಲ್ಲುಗಳ ಸಾಲು ಹಲಗೆಗೆ ಸಮಾನಾಂತರವಾಗಿರಬೇಕು.

ತಂತಿ ಫ್ಯಾನ್, ಮಿಕ್ಸಿ ರಿವೈಂಡಿಂಗ್ ಅಂಗಡಿಯದು. 38 ಗೇಜ್ ತಾಮ್ರದ ತಂತಿ, 0.15 ಮಿಮೀ ದಪ್ಪ. ಒಂದು ತುದಿ ಮೊಳೆಗೆ ಸುತ್ತಿ, ಎರಡೂ ಹಣಿಗೆ ದಾಟಿಸಿ, ಇನ್ನೊಂದು ತುದಿಗೆ ಒಂದು ನಟ್ ಕಟ್ಟಿ ಮೇಜಿನ ಅಂಚಿನಿಂದ ಇಳಿಬಿಡುವುದು. ನಟ್ಟಿನ ಭಾರಕ್ಕೆ ತಂತಿ ನೆಟ್ಟಗೆ ನಿಲ್ಲುತ್ತದೆ. ನಾಲ್ಕೂ ತಂತಿಗೆ ಒಂದೇ ಅಳತೆಯ ನಟ್ ಆದರೆ ಎಳೆತವೂ ಒಂದೇ. ಆಮೇಲೆ ಬೋಗಿಯ ಬದಿಯನ್ನು ಒಳಮುಖ ಮೇಲೆ ಮಾಡಿ ತಂತಿಗಳ ಕೆಳಗೆ ತೂರಿಸಿ, ಅಡಿಯಲ್ಲಿ ಕಾರ್ಡ್ ಒಂದೊಂದೇ ಇಡುತ್ತ ತಂತಿಗೆ ತಾಗುವವರೆಗೆ ಎತ್ತರಿಸುವುದು. ಎರಡು ಕಿಟಕಿಗಳ ನಡುವಿನ ಪಟ್ಟಿಯ ಮೇಲೆ ಹೊಲಿಗೆ ಸೂಜಿಯ ತುದಿಯಿಂದ ಫೆವಿಕ್ವಿಕ್ ಮುಟ್ಟಿಸಿದರೆ ಸಾಕು. ಹನಿ ಬೀಳಿಸಿದರೆ ಅದು ತಂತಿ ಗುಂಟ ಓಡಿ ಕಿಟಕಿಯೊಳಗೆ ಪೊರೆ ಕಟ್ಟುತ್ತದೆ. ಒಂದು ಬದಿಯ ಅಷ್ಟೂ ಕಿಟಕಿಗೆ ಒಂದೇ ಸಲ ಸರಳು ಬಂದಂತಾಯಿತು. ಎಮರ್ಜೆನ್ಸಿ ಕಿಟಕಿಗೆ ಸರಳು ಇರುವುದಿಲ್ಲ, ಅಲ್ಲಿ ಮಾತ್ರ ತಂತಿ ಕತ್ತರಿಸಿ ತೆಗೆಯುವುದು.

ಸೊಲ್ಲಾಪುರದ ಹತ್ತಿರದ ಹೋಟಗಿ ಕಡೆಯ ಲೈನ್ ಮೀಟರ್ ಗೇಜ್ ಇದ್ದ ಕಾಲದ ಗೂಡ್ಸ್ ಡಬ್ಬಿ ಮಾಡುವಾಗ ರಿವೆಟ್ ಬೇಕಾಯಿತು. ಸಾಲು ಸಾಲು ಉಬ್ಬು ಚುಕ್ಕೆ. ಇದಕ್ಕೆ ತಗಡು ಮತ್ತೆ ಪ್ರೆಸ್ಸಿನದೇ. ಮುದ್ರಣ ಮುಗಿದ ಆಫ್‌ಸೆಟ್ ಪ್ಲೇಟ್ ತೆಳು ಅಲ್ಯುಮಿನಿಯಂ. ಸಣ್ಣ ಮಷಿನ್ನಿನ ಪ್ಲೇಟ್ 0.15 ಮಿಮೀ ದಪ್ಪ, ಕತ್ತರಿಯಲ್ಲೇ ಕತ್ತರಿಸಬಹುದು. ಗುಜರಿಯಿಂದ ಕೀ ಕೊಡುವ ಅಲಾರಾಂ ಗಡಿಯಾರ ತಂದು, ಹತ್ತು ಹಲ್ಲಿಗೆ ಸುಮಾರು 10 ಮಿಮೀ ಬರುವ ಹಿತ್ತಾಳೆ ಚಕ್ರ ಆರಿಸಿದೆ. ಹಾಗೇ ಉರುಳಿಸಿದರೆ ಚುಕ್ಕೆ ಬರುವುದಿಲ್ಲ, ಅಡ್ಡ ಗೆರೆ ಬರುತ್ತದೆ. ಹಲ್ಲಿನ ಎರಡೂ ಪಕ್ಕ ಅರದಿಂದ ಉಜ್ಜಿ ತುದಿ ಮೊನಚು ಮಾಡಬೇಕು. ಚಕ್ರಕ್ಕೆ ಹಿಡಿಕೆ ಹಾಕಿ, ಸೈಕಲ್ ಟ್ಯೂಬಿನ ಮೇಲೆ ತಗಡು ಬೋರಲಾಗಿ ಇಟ್ಟು, ಸ್ಟೀಲ್ ಸ್ಕೇಲಿಗೆ ಒರಗಿಸಿ ಒಂದೇ ಸಲ ಉರುಳಿಸುವುದು. ಎರಡನೇ ಸಲ ಉರುಳಿಸಿದರೆ ಹಳೆಯ ಚುಕ್ಕೆಯ ಪಕ್ಕ ಇನ್ನೊಂದು ಬೀಳುತ್ತದೆ. ಬಣ್ಣ ಹಿಡಿಯಬೇಕೆಂದರೆ ರಿವೆಟ್ ಒತ್ತುವ ಮೊದಲೇ ತಗಡನ್ನು 600 ನಂಬರ್ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಒತ್ತಿದ ಮೇಲೆ ಮೆಟಲ್ ಪ್ರೈಮರ್ ಹೊಡೆಯಿರಿ.

ಉಳಿದವು ಸಣ್ಣಪುಟ್ಟವು. ಐಸ್‌ಕ್ರೀಮ್ ಕಡ್ಡಿಗೆ ಪಾಲಿಶ್ ಪೇಪರ್ ಅಂಟಿಸಿದರೆ ಉಜ್ಜುವ ಕೋಲು. ಗ್ರಾನೈಟ್ ಅಂಗಡಿಯ ಪಾಲಿಶ್ ಆದ ತುಂಡು ಸಪಾಟ ಮೇಜು. ಮೆಡಿಕಲ್ ಶಾಪಿನ ಹೊಸ 18 ಗೇಜ್ ಸೂಜಿಯ ತುದಿ ನೆಟ್ಟಗೆ ಮಾಡಿ ಹೊರಗಿನಿಂದ ಚೂಪು ಮಾಡಿದರೆ ಟೇಲ್ ಲ್ಯಾಂಪಿನ ಗುಂಡು ಬಿಲ್ಲೆ ಕತ್ತರಿಸಬಹುದು. ಬಣ್ಣ ಒಣಗಿಸಲು ಮುಚ್ಚಳ ಇರುವ ಮಿಠಾಯಿ ಡಬ್ಬಿ. ಗದಗಿನ ಗಾಳಿ ಗೊತ್ತಲ್ಲ, ಸುತ್ತ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಆಷಾಢದಲ್ಲಿ ಕಿಟಕಿ ತೆರೆದು ಬಣ್ಣ ಹೊಡೆದರೆ ಬೋಗಿಗೆ ಎರೆಮಣ್ಣಿನ ಲೇಪವೂ ಆಗುತ್ತದೆ.

ಮನೆಯಲ್ಲಿ ಮಾಡಬಾರದ್ದೂ ಇದೆ. ಅಳೆಯುವ ಯಾವುದನ್ನೂ ಮಾಡಬೇಡಿ. ಸ್ಟೀಲ್ ಸ್ಕೇಲ್, ಮೂಲೆಮಟ್ಟ, ಕ್ಯಾಲಿಪರ್ ಈ ಮೂರನ್ನು ದುಡ್ಡು ಕೊಟ್ಟೇ ತನ್ನಿ. ಮೇಲಿನ ಹತಾರಗಳೆಲ್ಲ ಇವುಗಳ ಅಳತೆ ಮೇಲೆ ನಿಂತಿವೆ. ಸಣ್ಣ ಡ್ರಿಲ್ ಹಿಡಿಯುವ ಪಿನ್ ವೈಸ್ ಕೂಡ ಕೊಳ್ಳುವುದೇ ಮೇಲು, ಮನೆಯಲ್ಲಿ ಮಾಡಿದ್ದು ನಡುವಿಗೆ ಸರಿಯಾಗಿ ಕೂರುವುದಿಲ್ಲ, ಅರ್ಧ ಮಿಮೀ ಬಿಟ್ ಪಟಪಟ ಮುರಿಯುತ್ತವೆ. ಕೊಳ್ಳುವಾಗ ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಕಾಗದದ ನೇರ ಅಂಚಿಗೆ ಒರಗಿಸಿ ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ತನ್ನಿ, ಕವಲೊಡೆದರೆ ಬೇರೆ ಕೊಡಿ ಅನ್ನಿ.