ಸ್ಟ್ರಟ್ ಮೌಂಟ್ ಮನೇಲೇ ಬದಲಿಸ್ತೀರಾ? ಮೊದಲು ನಡುವಿನ ನಟ್ಟು ಯಾವುದು ನೋಡಿಕೊಳ್ಳಿ

ಬಳ್ಳಾರಿ–ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ವಾರಕ್ಕೆ ಮೂರು ಸಲ ಓಡಾಡೋ ಕಾರಿಗೆ ಮುಂದಿನ ಚಕ್ರದ ಹತ್ತಿರ ಸದ್ದು ಬರದೇ ಇದ್ದರೇನೇ ಆಶ್ಚರ್ಯ. ಅಲ್ಲಿನ ಶಾಕಬ್ಸರ್, ಸ್ಪ್ರಿಂಗು ಸೇರಿದ ಜೋಡಣೆಗೆ ಸ್ಟ್ರಟ್ ಅಂತಾರೆ, ಅದರ ತಲೆಯನ್ನು ಕಾರಿಗೆ ಹಿಡಿಯೋ ರಬ್ಬರಿನ ತುಂಡೇ ಮೌಂಟು. ನನ್ನದರಲ್ಲಿ ಹಂಪ್ ಇಳಿದಾಗಲೆಲ್ಲ ಎಡಗಡೆ 'ಲೊಟಕ್' ಅನ್ನುತ್ತಿತ್ತು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ತಂತಿ ಮೀಟಿದ ಹಾಗೆ 'ಟಂಯ್'. ಬರೀ ಲೊಟಕ್ ಆದರೆ ಲಿಂಕ್ ರಾಡ್ (ತಿರುವಲ್ಲಿ ಕಾರು ವಾಲದಂತೆ ತಡೆಯೋ ಕಂಬಿಗೆ ಸ್ಟ್ರಟ್ಟನ್ನು ಜೋಡಿಸೋ ಸಣ್ಣ ಸರಳು) ಕೂಡ ಇರಬಹುದು, ಅದು ಅಗ್ಗ, ಮೊದಲು ಅದನ್ನು ಅಲ್ಲಾಡಿಸಿ ನೋಡಿ. ಟಂಯ್ ಕೂಡ ಇದ್ದರೆ ಬಾನೆಟ್ ಎತ್ತಿ, ಶಾಕಬ್ಸರಿನ ತಲೆ ಕಾಣೋ ಜಾಗದಲ್ಲಿ ಅಂಗೈ ಇಟ್ಟು, ಮನೆಯವರಿಗೆ ಸ್ಟೇರಿಂಗ್ ತಿರುಗಿಸೋಕೆ ಹೇಳಿ. ಬಿಗಿದು ಬಿಟ್ಟ ಹಾಗೆ ಕೈಗೆ ಹೊಡೆದರೆ ಮೌಂಟಿನ ರಬ್ಬರೋ ಬೇರಿಂಗೋ ಹೋಗಿದೆ ಅಂತಲೇ.

ಅಲ್ಲೇ ಕೈ ಇಟ್ಟಾಗ ಇನ್ನೊಂದು ನೋಡಿ. ಹೆಚ್ಚಿನ ಕಾರುಗಳಲ್ಲಿ ಸುತ್ತ ಎರಡೋ ಮೂರೋ ನಟ್ಟು, ನಡುವೆ ಒಂದು ದೊಡ್ಡದು. ಸುತ್ತಲಿನವು ಸ್ಟ್ರಟ್ಟನ್ನು ಕಾರಿನ ಮೈಗೆ ಹಿಡಿದಿರುತ್ತವೆ. ನಡುವಿನದು ಅದುಮಿದ ಸ್ಪ್ರಿಂಗನ್ನು ಹಿಡಿದಿರುತ್ತದೆ. ಸ್ಪ್ರಿಂಗ್ ಕಟ್ಟದೆ ಅದನ್ನು ಬಿಚ್ಚಿದರೆ ಮೌಂಟು ಗುಂಡಿನ ಹಾಗೆ ಹಾರುತ್ತದೆ, ಮುಖ ಅಡ್ಡ ಇದ್ದರೆ ಮುಗೀತು. ಉಳಿದದ್ದೆಲ್ಲ ಬರೀ ಪಾನಾ ಕೆಲಸ.

ಎರೆ ನೆಲದ ಮೇಲೆ ಜಾಕಿ ಕೊಡಬೇಡಿ, ಹೂತುಕೊಳ್ಳುತ್ತದೆ. ಶಾಬಾದಿ ಕಲ್ಲಿನ ಅಂಗಳವೂ ನಂಬಿಕೆಯದಲ್ಲ, ಕೆಳಗೆ ಪೊಳ್ಳಿದ್ದರೆ ಕಲ್ಲು ಚಟ್ ಅಂತ ಬಿರುಕು ಬಿಡುತ್ತದೆ. ಸಮ ಇರೋ ಕಾಂಕ್ರೀಟ್ ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಗೇರಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ವೀಲ್ ನಟ್ಟುಗಳನ್ನು ಚಕ್ರ ನೆಲದಲ್ಲಿದ್ದಾಗಲೇ ಸ್ವಲ್ಪ ಸಡಿಲ ಮಾಡಿ. ಎತ್ತಿದ ಮೇಲೆ ಕಾರಿನ ಭಾರ ಕೆಳಗೆ ಇಟ್ಟ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಬೇಕು, ಬರೀ ಜಾಕಿ ಮೇಲಲ್ಲ. ಬೇಸಿಗೆ ಆದರೆ ಬೆಳಿಗ್ಗೆ ಆರಕ್ಕೇ ಶುರು ಮಾಡಿ, ಹತ್ತರ ಮೇಲೆ ನಮ್ಮೂರ ಬಿಸಿಲಿಗೆ ಪಾನಾ ಹಿಡಿಯೋಕೇ ಆಗಲ್ಲ.

ಚಕ್ರ ತೆಗೆದರೆ ಬೋಲ್ಟುಗಳ ಮೇಲೆ ಕೆಂಪು ಧೂಳು ಗಟ್ಟಿಯಾಗಿ ಕೂತಿರುತ್ತದೆ. ತಂತಿ ಬ್ರಶ್ಶಿನಲ್ಲಿ ಉಜ್ಜಿ, ತುಕ್ಕು ಬಿಡಿಸೋ ಎಣ್ಣೆ ಹೊಡೆದು, ಒಗ್ಗರಣಿ ಮಿರ್ಚಿ ತಿಂದು ಬನ್ನಿ. ಅವಸರ ಮಾಡಿದರೆ ಬೋಲ್ಟಿನ ತಲೆ ಸವೆಯುತ್ತದೆ. ಆಮೇಲೆ ಬ್ರೇಕ್ ಪೈಪು, ಎಬಿಎಸ್ ವೈರು ಸ್ಟ್ರಟ್ಟಿನ ಕ್ಲಿಪ್ಪಿನಿಂದ ಬಿಡಿಸಿ, ಲಿಂಕ್ ರಾಡ್ ತೆಗೆಯಿರಿ. ಸ್ಟ್ರಟ್ಟಿನ ಬುಡದ ಎರಡು ದಪ್ಪ ಬೋಲ್ಟು ಬಿಚ್ಚೋ ಮುಂಚೆ ಅವು ಕೂತಿರೋ ಜಾಗಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಅವನ್ನು ತೆಗೆದ ಕೂಡಲೇ ಚಕ್ರ ಕೂರೋ ಭಾಗ, ಅಂದರೆ ಹಬ್ಬು, ಹೊರಗೆ ವಾಲುತ್ತದೆ, ಅದನ್ನು ತಂತಿಯಲ್ಲಿ ಕಟ್ಟಿಡಿ. ಇಲ್ಲದಿದ್ದರೆ ಬ್ರೇಕ್ ಪೈಪು ಜಗ್ಗುತ್ತದೆ, ಡ್ರೈವ್ ಶಾಫ್ಟ್ ಕೂಡ ಒಳಗಿಂದ ಕಿತ್ತು ಬರಬಹುದು. ಕೊನೆಗೆ ಮೇಲಿನ ಸುತ್ತಲಿನ ನಟ್ಟುಗಳು, ಒಂದು ಕೈಯಲ್ಲಿ ಸ್ಟ್ರಟ್ ಹಿಡಿದುಕೊಂಡೇ.

ಈಗ ಸ್ಪ್ರಿಂಗು. ಮೊದಲ ಸಲ ಯಾರದೋ ಹಳೇ ಕಂಪ್ರೆಸರ್ (ಸ್ಪ್ರಿಂಗನ್ನು ಕೊಕ್ಕೆಯಲ್ಲಿ ಹಿಡಿದು ಅದುಮೋ ಸಾಧನ) ತಂದಿದ್ದೆ. ಒಂದು ಕೊಕ್ಕೆ ಸವೆದಿತ್ತು, ಅರ್ಧ ಬಿಗಿದಾಗ ಜಾರಿ ಸ್ಪ್ರಿಂಗು ಸೊಟ್ಟಗಾಗಿ ಪಕ್ಕದಲ್ಲಿದ್ದ ಬಕೆಟ್ಟು ಒಡೆಯಿತು. ಬಕೆಟ್ಟಿನ ಜಾಗದಲ್ಲಿ ನನ್ನ ಮೊಣಕಾಲು ಇರಬಹುದಿತ್ತು. ಅವತ್ತು ಅಲ್ಲಿಗೇ ನಿಲ್ಲಿಸಿ, ಸ್ಟ್ರಟ್ಟನ್ನು ಅಕ್ಕಿ ಚೀಲದಲ್ಲಿ ಸುತ್ತಿ ಆಟೋದಲ್ಲಿ ಗ್ಯಾರೇಜಿಗೆ ಒಯ್ದೆ. ಅಲ್ಲಿ ಗೋಡೆಗೆ ಕೂರಿಸಿದ ಪ್ರೆಸ್ ಇತ್ತು, ಹತ್ತೇ ನಿಮಿಷದ ಕೆಲಸ. ನಿಮಗೂ ನಾನು ಹೇಳೋದು ಇದೇ: ಬಿಚ್ಚೋದು, ಕೂರಿಸೋದು ಮನೇಲಿ, ಸ್ಪ್ರಿಂಗ್ ಮಾತ್ರ ಗ್ಯಾರೇಜಲ್ಲಿ. ಇದರಲ್ಲಿ ನಾಚಿಕೆ ಏನಿದೆ?

ಇಲ್ಲ, ನಾನೇ ಮಾಡ್ತೀನಿ ಅಂದರೆ ಒಳ್ಳೆ ಕಂಪ್ರೆಸರ್ ಜೋಡಿ ತನ್ನಿ. ಎರಡನ್ನೂ ಎದುರುಬದುರು ಹಾಕಿ, ಅದಕ್ಕೆ ಎರಡು ಸುತ್ತು, ಇದಕ್ಕೆ ಎರಡು ಸುತ್ತು ಅಂತ ಕೈಯಲ್ಲೇ ಬಿಗಿಯಿರಿ, ಗಾಳಿಯಿಂದ ನಟ್ಟು ತಿರುಗಿಸೋ ಏರ್ ಗನ್ ಬೇಡ. ಸ್ಪ್ರಿಂಗಿನ ತುದಿಗೆ ಮುಖ ಒಡ್ಡಬೇಡಿ. ಸ್ಪ್ರಿಂಗು ತಾನು ಕೂತ ತಟ್ಟೆಯಿಂದ ಸಡಿಲಾಗಿ ಕೈಯಲ್ಲಿ ತಿರುಗುವಂತಾದ ಮೇಲೇ ನಡುವಿನ ನಟ್ಟಿಗೆ ಕೈ ಹಾಕಿ. ಹೊಸ ಮೌಂಟು, ಬೇರಿಂಗು ಹಾಕುವಾಗ ಒಳಗಿನ ಬಂಪ್ ಸ್ಟಾಪ್ (ಶಾಕಬ್ಸರ್ ಪೂರ್ತಿ ಅದುಮಿದಾಗ ಹೊಡೆತ ತಡೆಯೋ ಮೆತ್ತೆ) ಪುಡಿಯಾಗಿದೆಯಾ ನೋಡಿ, ಶಾಕಬ್ಸರ್ ಎಣ್ಣೆ ಸೋರಿದ್ದರೆ ಅದನ್ನೂ ಈಗಲೇ ಬದಲಿಸಿ. ಸ್ಪ್ರಿಂಗಿನ ಕೆಳತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಬೇಕು. ನಡುವಿನ ನಟ್ಟು ಹೊಸದೇ ಹಾಕಿ ಬಿಗಿದು, ಆಮೇಲೆ ಕಂಪ್ರೆಸರ್ ಸಡಿಲಿಸಿ, ಅದೂ ಸರದಿಯಲ್ಲೇ.

ಕೂರಿಸೋದು ಬಿಚ್ಚಿದ್ದರ ಉಲ್ಟಾ. ಎಲ್ಲವನ್ನೂ ಮೊದಲು ಕೈಯಲ್ಲಿ ತಿರುವಿ, ಸೀಮೆಸುಣ್ಣದ ಗೆರೆಗೆ ಕೂಡಿಸಿ, ಆಮೇಲೆ ಬಿಗಿತ ಅಳೆಯೋ ಪಾನಾ, ಅಂದರೆ ಟಾರ್ಕ್ ರೆಂಚಲ್ಲಿ ನಿಮ್ಮ ಕಾರಿನ ಮ್ಯಾನ್ಯುವಲ್ ಹೇಳಿದಷ್ಟೇ ಬಿಗಿಯಿರಿ. ಒಂದು ಕಡೆ ಹೋಗಿದ್ದರೆ ಇನ್ನೊಂದು ಕಡೆಯದೂ ಜಾಸ್ತಿ ದಿನ ಬಾಳಲ್ಲ, ಜೋಡಿಯಾಗೇ ಬದಲಿಸಿ. ಗೆರೆ ಎಷ್ಟೇ ಸರಿ ಕೂತರೂ ವೀಲ್ ಅಲೈನ್‌ಮೆಂಟ್ ಬಿಡಬೇಡಿ, ಟೈರು ಒಂದೇ ಪಕ್ಕ ಸವೆದು ಹೋಗುತ್ತದೆ. ಮೊದಲ ಸುತ್ತು ನಿಮ್ಮ ಓಣಿಯಲ್ಲೇ ಹೋಗಿ, ಕಿಟಕಿ ಇಳಿಸಿಕೊಂಡು, ರೇಡಿಯೋ ಆಫ್ ಮಾಡಿ.