ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಡೆಬಿಟ್ ಕಾರ್ಡ್ ಸಾಕಾ, ಕ್ರೆಡಿಟ್ ಕಾರ್ಡ್ ಬೇಕಾ?

ಬಂದಿಳಿದ ಕೆಲವೇ ದಿನಗಳಲ್ಲಿ ಬ್ಯಾಂಕ್ ಖಾತೆ ತೆರೆಯುತ್ತೀರಿ, ಡೆಬಿಟ್ ಕಾರ್ಡ್ ಕೈಗೆ ಬರುತ್ತದೆ. ಸಾಲದ ಸಹವಾಸ ಬೇಡ ಎಂದು ಹಲವು ಕುಟುಂಬಗಳು ವರ್ಷಗಟ್ಟಲೆ ಅದನ್ನೇ ಎಲ್ಲ ಕಡೆ ಉಜ್ಜುತ್ತವೆ. ಉದ್ದೇಶ ಒಳ್ಳೆಯದೇ. ಆದರೆ ಇಲ್ಲಿನ ಕಾನೂನು ಎರಡೂ ಕಾರ್ಡ್‌ಗಳನ್ನು ಒಂದೇ ರೀತಿ ಕಾಯುವುದಿಲ್ಲ.

ಕ್ರೆಡಿಟ್ ಕಾರ್ಡ್ ಕಳುವಾಗಿ ಯಾರೋ ಬಳಸಿದರೆ, ಫೆಡರಲ್ ಕಾನೂನಿನ ಪ್ರಕಾರ ನಿಮ್ಮ ತಲೆಗೆ ಬರುವುದು ಹೆಚ್ಚೆಂದರೆ 50 ಡಾಲರ್. ಕಾರ್ಡ್ ನಿಮ್ಮ ಹತ್ತಿರವೇ ಇದ್ದು ನಂಬರ್ ಮಾತ್ರ ಕದ್ದಿದ್ದರೆ ಅದೂ ಇಲ್ಲ. ಡೆಬಿಟ್ ಕಾರ್ಡ್ ಕಳೆದರೆ ಲೆಕ್ಕವೇ ಬೇರೆ. ಗೊತ್ತಾದ ಎರಡು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ 50, ತಡವಾದರೆ 500 ಡಾಲರ್‌ವರೆಗೆ. ಸ್ಟೇಟ್‌ಮೆಂಟ್ ಕಳಿಸಿ 60 ದಿನವಾದರೂ ನೀವು ದೂರು ಕೊಡದಿದ್ದರೆ, ಆಮೇಲೆ ಹೋಗುವ ಹಣಕ್ಕೆ ಮಿತಿಯೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಡೆಬಿಟ್‌ನಲ್ಲಿ ಹೋಗುವುದು ನಿಮ್ಮ ಸ್ವಂತ ದುಡ್ಡು. ಬ್ಯಾಂಕ್ ವಿಚಾರಣೆ ಮುಗಿಸುವಷ್ಟರಲ್ಲಿ ಬಾಡಿಗೆಯ ಚೆಕ್ ಬೌನ್ಸ್ ಆಗಿರಬಹುದು. ಅದಕ್ಕೇ ಡೆಬಿಟ್ ಕಾರ್ಡ್ ಎಟಿಎಂಗೆ ಮಾತ್ರ ಇರಲಿ ಅನ್ನುವುದು ನಮ್ಮ ಸಲಹೆ.

ಕ್ರೆಡಿಟ್ ಹಿಸ್ಟರಿ, ಅಂದರೆ ಇಲ್ಲಿ ಸಾಲ ಪಡೆದು ತೀರಿಸಿದ ದಾಖಲೆ, ಇಲ್ಲ ಎಂದು ಕ್ರೆಡಿಟ್ ಕಾರ್ಡಿನ ಅರ್ಜಿ ತಿರಸ್ಕಾರವಾದರೆ ಬೇಜಾರಾಗಬೇಡಿ. ಒಂದಿಷ್ಟು ಡೆಪಾಸಿಟ್ ಇಟ್ಟು ಸೆಕ್ಯೂರ್ಡ್ ಕಾರ್ಡ್ ತೆಗೆದುಕೊಳ್ಳಬಹುದು.

ಕ್ರೆಡಿಟ್ ಕಾರ್ಡಿನಲ್ಲಿ ತರಿಸಿದ ಸಾಮಾನು ಬರಲೇ ಇಲ್ಲ, ಅಥವಾ ಒಂದೇ ಬಿಲ್ ಎರಡು ಸಲ ಬಿದ್ದಿದೆ ಅಂದುಕೊಳ್ಳಿ. ಇಲ್ಲಿ ನೆರವಿಗೆ ಬರುವುದು 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಆಕ್ಟ್. ಮೊದಲು ಅಂಗಡಿಯವರನ್ನು ಕೇಳಿ, ಆ ಇಮೇಲ್‌ಗಳನ್ನು ಇಟ್ಟುಕೊಳ್ಳಿ. ಅವರು ಜಗ್ಗದಿದ್ದರೆ, ಆ ತಪ್ಪು ಮೊದಲು ಕಾಣಿಸಿಕೊಂಡ ಬಿಲ್ ಕಳಿಸಿದ 60 ದಿನದೊಳಗೆ ಕಾರ್ಡ್ ಕಂಪನಿಗೆ ದೂರು ಮುಟ್ಟಬೇಕು. ಫೋನ್ ಅಥವಾ ಆ್ಯಪ್‌ನಲ್ಲಿ ಬೇಗ ಕೆಲಸ ಆಗುತ್ತದೆ, ನಿಜ. ಆದರೂ ದೊಡ್ಡ ಮೊತ್ತವಾದರೆ ಒಂದು ಕಾಗದವನ್ನೂ ಹಾಕಿ, ಕಾನೂನು ಕೇಳುವುದು ಬರಹದ ದೂರನ್ನು. ಬಿಲ್ ಕಟ್ಟುವ ವಿಳಾಸಕ್ಕೆ ಕಳಿಸಿದರೆ ಲೆಕ್ಕಕ್ಕಿಲ್ಲ. ಬಿಲ್ಲಿಂಗ್ ವಿಚಾರಣೆಗೆ ಬೇರೆ ವಿಳಾಸವಿರುತ್ತದೆ, ಸ್ಟೇಟ್‌ಮೆಂಟಿನಲ್ಲಿ ಹುಡುಕಿ. ವಿಚಾರಣೆ ನಡೆಯುವಾಗ ತಕರಾರಿನ ಮೊತ್ತ ಕಟ್ಟಬೇಕಿಲ್ಲ, ಉಳಿದದ್ದು ಕಟ್ಟಲೇಬೇಕು.

ಇನ್ನು ಮೋಸದ ಕರೆಗಳು. 'ನಿಮ್ಮ ಬ್ಯಾಂಕಿನ ಫ್ರಾಡ್ ವಿಭಾಗದಿಂದ ಮಾತಾಡ್ತಿದ್ದೇವೆ, ಈಗ ಬಂದ ಕೋಡ್ ಹೇಳಿ' ಅನ್ನುತ್ತಾರೆ. ಫೋನಿನ ಮೇಲೆ ಬ್ಯಾಂಕಿನ ಹೆಸರೇ ಕಾಣಿಸುತ್ತದೆ, ಅದನ್ನೂ ನಕಲು ಮಾಡಬಹುದು. ಆ ಕೋಡ್ ಬಂದಿರುವುದು ಅವರು ನಿಮ್ಮ ಖಾತೆಗೆ ನುಗ್ಗಲು ನೋಡುತ್ತಿರುವುದರಿಂದ. ಮೆಸೇಜನ್ನು ಪೂರ್ತಿ ಓದಿ, ಯಾರಿಗೂ ಹೇಳಬೇಡಿ ಎಂದು ಅದರಲ್ಲೇ ಬರೆದಿರುತ್ತದೆ. ಫೋನ್ ಇಟ್ಟುಬಿಡಿ, ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಕರೆ ಮಾಡಿ.

ಫೋಟೋ ಮಾತ್ರ ನೋಡಿದ ಬಾಡಿಗೆ ಮನೆಗೆ ಝೆಲ್‌ನಲ್ಲಿ (ಬ್ಯಾಂಕ್ ಖಾತೆಯಿಂದ ಖಾತೆಗೆ ಕೂಡಲೇ ಹಣ ಕಳಿಸುವ ಸೇವೆ) ಅಡ್ವಾನ್ಸ್ ಕಳಿಸಲೇಬೇಡಿ. ನೀವೇ ಒಪ್ಪಿ ಕಳಿಸಿದ ಹಣಕ್ಕೆ ಕಾರ್ಡಿಗಿರುವಂಥ ರಕ್ಷಣೆ ಇಲ್ಲ, ವಾಪಸ್ ಬರುವುದು ತುಂಬಾ ಕಷ್ಟ. ಸೋಷಿಯಲ್ ಸೆಕ್ಯೂರಿಟಿ ನಂಬರ್ ಯಾರ ಕೈಗಾದರೂ ಸಿಕ್ಕಿದೆ ಅನ್ನಿಸಿದರೆ ಕ್ರೆಡಿಟ್ ಹಿಸ್ಟರಿ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕಂಪನಿಗಳಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಸಿ, ಅಂದರೆ ನಿಮ್ಮ ಹೆಸರಲ್ಲಿ ಬೇರೆಯವರು ಹೊಸ ಸಾಲ ತೆಗೆಯದಂತೆ ಆ ದಾಖಲೆಗೆ ಬೀಗ ಹಾಕಿಸಿ. 2018ರಿಂದ ಇದಕ್ಕೆ ಶುಲ್ಕವಿಲ್ಲ.

ಪಾಯಿಂಟ್ಸ್ ಸೇರಿಸಿ ಊರಿಗೆ ಟಿಕೆಟ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ ಅಲ್ವಾ? ಮಾಡಿ, ಖಂಡಿತ ಆಗುತ್ತದೆ. ಆದರೆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಮಾತ್ರ ಅದು ಲಾಭ. ಬರುವ ಪಾಯಿಂಟ್ಸ್ ನೂರಕ್ಕೆ ಒಂದೋ ಎರಡೋ ಡಾಲರ್, ಬಾಕಿ ಉಳಿಸಿದರೆ ವಾರ್ಷಿಕ ಬಡ್ಡಿ ಎಷ್ಟೋ ಕಾರ್ಡ್‌ಗಳಲ್ಲಿ ಶೇಕಡ 20ಕ್ಕೂ ಜಾಸ್ತಿ. ಬೋನಸ್ ಸಿಗಲಿ ಎಂದು ಸುಮ್ನೆ ಬೇಡದ್ದನ್ನು ಕೊಳ್ಳಬೇಡಿ.

ಪ್ರಯಾಣಕ್ಕೆ ಫಾರಿನ್ ಟ್ರಾನ್ಸಾಕ್ಷನ್ ಫೀ ಇಲ್ಲದ ಕಾರ್ಡ್ ಒಯ್ಯಿರಿ, ಇಲ್ಲದಿದ್ದರೆ ಹೊರದೇಶದ ಖರೀದಿಗಳ ಮೇಲೆ ಸುಮಾರು ಶೇಕಡ 3 ಹೋಗುತ್ತದೆ. ಹೊರದೇಶದ ಮಷೀನ್ 'ಡಾಲರಾ, ಇಲ್ಲಿನ ಹಣವಾ' ಎಂದು ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ಬಾಡಿಗೆ ಕಾರಿನ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಕೆಲವು ಕಾರ್ಡ್‌ಗಳು ಆ ಕಾರಿಗೆ ಆದ ಹಾನಿಯನ್ನು ಭರಿಸುತ್ತವೆ, ಎದುರಿನ ಕಾರಿಗೋ ಮನುಷ್ಯರಿಗೋ ಆದ ಹಾನಿಯನ್ನಲ್ಲ. ನಿಮ್ಮದೇ ಕಾರ್ ಇನ್ಶೂರೆನ್ಸ್ ಇನ್ನೂ ಇಲ್ಲದಿದ್ದರೆ ಕೌಂಟರಿನಲ್ಲಿ ಲಯಬಿಲಿಟಿ ಕವರ್ (ಬೇರೆಯವರಿಗೆ ಆದ ಹಾನಿಯನ್ನು ಭರಿಸುವ ವಿಮೆ) ತೆಗೆದುಕೊಂಡೇ ಕೀ ಇಸಿದುಕೊಳ್ಳಿ.